ಲೇಟ್ ಮೇಲ್

ಬಂದ ದಿನ ಲಾರಿಯಿಂದ ಹಿಂದುಹಿಂದಾಗಿ ಇಳಿದಳು
ವಿನೋಬನಗರದ ಪಶುವೈದ್ಯ ಕಾಲೇಜಿನ ಷೆಡ್ಡಿನ ಮುಂದೆ.
ಜೊತೆಗೊಂದು ಪಾಸ್‌ಪೋರ್ಟು,
ನನ್ನ ಹತ್ತಿರ ಇವತ್ತಿಗೂ ಇಲ್ಲದ್ದು.
ಹೆಸರು ಲೇಟ್ ಮೇಲ್. ಬಣ್ಣ ಕಂದು. ಹಣೆಯಲ್ಲಿ ಚುಕ್ಕಿ.
ಅಪ್ಪ ಇಂಥವನು, ಅಮ್ಮ ಇಂಥವಳು, ಅಜ್ಜ ಐರ್ಲೆಂಡಿನವನು,
ಏಳು ತಲೆಮಾರು ಅಚ್ಚಾಗಿತ್ತು.
ನನಗೆ ಮುತ್ತಜ್ಜನ ಹೆಸರೇ ನೆನಪಿಲ್ಲ.
ನಾವು ಟಪಾಲಮ್ಮ ಅಂದೆವು.

ಹುಟ್ಟಿದ್ದು ಮೇ ಇಪ್ಪತ್ತೇಳು.
ಆದರೆ ರೇಸಿನವರ ಲೆಕ್ಕ ಬೇರೆ, ಅಂದರು ವಾಗ್ದೇವಿ ಮೇಡಂ,
ಯಾವಾಗಲಾದರೂ ಹುಟ್ಟಲಿ, ಎಲ್ಲ ಕುದುರೆಗೂ
ಜನವರಿ ಒಂದಕ್ಕೇ ವರ್ಷ ತುಂಬುತ್ತದೆ.
ನಾನು ನಕ್ಕೆ. ಮೇಡಂಗೆ ಯಾಕೆಂದು ತಿಳಿಯಲಿಲ್ಲ.

ಹಾರನಹಳ್ಳಿ ಶಾಲೆಯಲ್ಲಿ ಶೇಷಗಿರಿ ಮೇಷ್ಟ್ರು
ನಮ್ಮನ್ನು ಸಾಲಾಗಿ ನಿಲ್ಲಿಸಿ
ತಲೆಯ ಮೇಲಿಂದ ಬಲಗೈ ಹಾಯಿಸಿ ಎಡಗಿವಿ ಮುಟ್ಟಿಸಿದ್ದರು.
ಮುಟ್ಟಿದವರಿಗೆಲ್ಲ ಆರು ವರ್ಷ,
ಮುಟ್ಟಿದವರೆಲ್ಲ ಜೂನ್ ಒಂದರಂದು ಹುಟ್ಟಿದವರು:
ನಾನು, ಕುಂಬಾರರ ಚೌಡ, ಪಿಂಜಾರರ ಹುಸೇನಿ,
ಒಂದೇ ದಿನ ಇಪ್ಪತ್ತಮೂರು ಕೂಸುಗಳು, ಬೇರೆ ಬೇರೆ ಅವ್ವಂದಿರು.
ನನ್ನವ್ವ ಹೇಳುತ್ತಿದ್ದದ್ದು, ನೀನು ದೀಪಾವಳಿ ಕಳೆದ ಮೇಲೆ,
ಭತ್ತ ಬಡಿಯೋ ಕಾಲಕ್ಕೆ.
ನನ್ನ ಕೈ ಉದ್ದ ಇತ್ತು, ಅಷ್ಟೇ.

ಮೂರನೇ ವರ್ಷ ಕುದುರೆಗೆ ಒಂದೇ ಸಲ.
ಗಿನೀಸ್, ಓಕ್ಸ್, ಡರ್ಬಿ,
ದೊಡ್ಡ ಓಟಗಳಿಗೆಲ್ಲ ಆ ವಯಸ್ಸೇ ಬೇಕಂತೆ.
ಸಪ್ಲಿಮೆಂಟರಿ ಇಲ್ಲ.

ಪಾಸ್‌ಪೋರ್ಟಿನೊಳಗೆ ಮಡಚಿಟ್ಟ ರೇಸ್‌ಬುಕ್ಕಿನ ಹಾಳೆ:
ಮೈಸೂರು, ಡರ್ಬಿ, ಅಕ್ಟೋಬರ್,
ಹತ್ತು ಫರ್ಲಾಂಗು, ಹದಿನಾಲ್ಕು ಕುದುರೆ.
ಹೆಣ್ಣೆಂದು ಒಂದೂವರೆ ಕಿಲೋ ರಿಯಾಯಿತಿ.
ತಡವಾಗಿ ಹುಟ್ಟಿದ್ದಕ್ಕೆ ರಿಯಾಯಿತಿ ಇಲ್ಲ.
ಗೆದ್ದವನು ಜನವರಿಯವನು. ಇವಳು ಎರಡನೆಯವಳು,
ಒಂದು 'ನೆಕ್' ಹಿಂದೆ. ಪಕ್ಕದಲ್ಲಿ ಯಾರದೋ ಪೆನ್ಸಿಲ್ಲು:
ಇನ್ನೊಂದು ಫರ್ಲಾಂಗು ಇದ್ದಿದ್ದರೆ.

ಕತ್ತಿನಷ್ಟು.
ನಾನು ದಿನಾ ಬ್ರಷ್ ಹಾಕುವ ಕತ್ತು.
ಒಮ್ಮೆ ಅಳೆದೆ. ಎರಡು ಮೊಳ, ಮೇಲೆ ನಾಲ್ಕು ಬೆರಳು.
ನಾಲ್ಕು ತಿಂಗಳು ಅಂದರೆ ಎಷ್ಟು ಮೊಳ?
ಯಾರನ್ನು ಕೇಳೋದು.

ಇಲ್ಲಿ ಅವಳ ಕೆಲಸ ಸುಮ್ಮನೆ ನಿಲ್ಲುವುದು.
ಹುಡುಗರು ದವಡೆಯ ಕೆಳಗೆ ಬೆರಳಿಟ್ಟು ನಾಡಿ ಹುಡುಕುತ್ತಾರೆ,
ತುಟಿ ಎತ್ತಿ, ಮೂಲೆ ಹಲ್ಲಿನ ಗೀರು ನೋಡಿ ವಯಸ್ಸು ಕೂಗುತ್ತಾರೆ.
ಹದಿನೇಳು ಸರ್. ಇಪ್ಪತ್ತೊಂದು ಸರ್.
ಸಾಗರದ ಕಡೆಯ ಹುಡುಗಿಯೊಬ್ಬಳು ಮಾತ್ರ, ಅಂಜುತ್ತ,
ಇಪ್ಪತ್ತಕ್ಕೆ ಸ್ವಲ್ಪ ಕಮ್ಮಿ.

ಹೋದ ತಿಂಗಳು ಟ್ರ್ಯಾಕ್ಟರ್ ಹುಡುಗ
ಕಬ್ಬಿಣದ ಗೇಟನ್ನು ಧಡ್ ಅಂತ ಬಿಟ್ಟ.
ಹಗ್ಗ ನನ್ನ ಅಂಗೈ ಸುಟ್ಟುಕೊಂಡು ಹೋಯಿತು.
ನೇಪಿಯರ್ ಹುಲ್ಲು ಕೊಯ್ದ ಕೂಳೆಯ ಮೇಲೆ
ಮುದುಕಿ ಓಡಿದಳು.
ಓಡುವ ಕುದುರೆ ನೆಲ ಮುಟ್ಟುವುದೇ ಕಮ್ಮಿ,
ಹನ್ನೊಂದು ವರ್ಷ ಲದ್ದಿ ಬಳಿದವನಿಗೆ ಗೊತ್ತಿರಲಿಲ್ಲ.
ಎರಡು ಫರ್ಲಾಂಗು ಇದ್ದೀತು.
ಬೇಲಿಯ ಸೀಬೆಮರದ ಹತ್ತಿರ ನಿಂತಳು.
ಬಲಕ್ಕೆ ನೋಡಿದಳು.
ಮತ್ತೆ ಬಲಕ್ಕೆ.
ಅಲ್ಲಿ ಇರಬೇಕಾದವನು ಇರಲಿಲ್ಲ.
ನಾನು ಏದುಸಿರು ಬಿಡುತ್ತ ಮುಟ್ಟುವಷ್ಟರಲ್ಲಿ
ಸೀಬೆ ಎಲೆ ಮೇಯುತ್ತಿದ್ದಳು.
ವರದಿ ಬರೆಯಬೇಕಿತ್ತು. ಬರೆಯಲಿಲ್ಲ.

ಈ ಮೂವತ್ತೊಂದಕ್ಕೆ ನನ್ನ ನಿವೃತ್ತಿ.
ಆಫೀಸಿನ ಗಿರಿಜವ್ವ ಫೈಲು ತೋರಿಸಿದರು, ಜೂನ್ ಒಂದು.
ಐದು ತಿಂಗಳ ಸಂಬಳ, ಮೇಷ್ಟ್ರೇ, ನಿಮ್ಮ ಲೆಕ್ಕಕ್ಕೆ.

ಇಪ್ಪತ್ತೇಳರ ಬೆಳಗ್ಗೆ ಅಚ್ಚುಬೆಲ್ಲ ತಂದೆ.
ನಿಜಕ್ಕೂ ಇವತ್ತು ನಿನಗೆ ಇಪ್ಪತ್ತು, ಅಂದೆ.
ಬೆಲ್ಲ ಮುಗಿಸಿ ಅಂಗೈಯ ಉಪ್ಪನ್ನೂ ನೆಕ್ಕಿದಳು.
ಷೆಡ್ಡಿನಲ್ಲಿ ಬೇರೆ ಯಾರೂ ಇರಲಿಲ್ಲ.
ಬಲಗೈ ಎತ್ತಿ ತಲೆಯ ಮೇಲಿಂದ ಹಾಯಿಸಿದೆ.
ಭುಜ ಹಿಡಿದುಕೊಂಡು ಎರಡು ವರ್ಷವಾಯಿತು.
ಬೆರಳು ನೆತ್ತಿ ದಾಟಿ ಅಲ್ಲೇ ನಿಂತವು,
ಕಿವಿ ಸಿಗಲಿಲ್ಲ.
ಮೇಷ್ಟ್ರ ಪ್ರಕಾರ ನನಗಿನ್ನೂ ಆರು ತುಂಬಿಲ್ಲ.

ಟಪಾಲಮ್ಮ ಒಂದು ಕಿವಿ ನನ್ನ ಕಡೆ ತಿರುಗಿಸಿದಳು,
ಇನ್ನೊಂದು ಗೇಟಿನ ಕಡೆ.