ಮೂರನೆಯದು

ಮುಹರ್ರಕ್ಕಿನ ದೋಣಿಕಟ್ಟೆಯಲ್ಲಿ
ಪಾಂಡುರಂಗ ಖಾರ್ವಿಯ ಸ್ಟೆತಾಸ್ಕೋಪು ಅಂದರೆ
ಮರದ ಹಿಡಿಯ ಉದ್ದನೆ ಸ್ಕ್ರೂಡ್ರೈವರು.
ತುದಿ ಇಂಜಿನ್ನಿನ ತಲೆಗೆ, ಹಿಡಿ ಕಿವಿಗೆ,
ಒಂದು ಬೀಡಿ ಉರಿಯುವಷ್ಟು ಹೊತ್ತು ಕಣ್ಣು ಮುಚ್ಚಿ.
ಆಮೇಲೆ, "ಮೂರನೆಯದು ಮಿಸ್ಸಾಗ್ತಿದೆ ಮಾರಾಯ, ಬಿಚ್ಚು."
ಹದಿನಾರು ವರ್ಷ ಬಿಚ್ಚಿದ್ದೇನೆ.
ಮೂರು ಅಂದದ್ದು ಒಮ್ಮೆಯೂ ನಾಲ್ಕಾಗಿರಲಿಲ್ಲ.

ಅವನದೇ ಎದೆ ತಪ್ಪುತ್ತಿದ್ದುದು
ಕಂಪೆನಿಯ ತಪಾಸಣೆಯಲ್ಲಿ ಸಿಕ್ಕಿತು.
ಹಾಳೆಯ ಮೇಲೆ ಹುಚ್ಚು ಗೀಟು:
ಒತ್ತೊತ್ತಾಗಿ ಎರಡು, ದೂರ ಒಂದು, ಮತ್ತೆ ಮೂರರ ಗುಂಪು.
ಮಲಯಾಳಿ ಡಾಕ್ಟರಮ್ಮ ಪೆನ್ನಿನಲ್ಲಿ ತೋರಿಸಿದಳು,
ಮೇಲಿನ ಕೋಣೆ ಬಡಿಯುತ್ತಿಲ್ಲ, ನಡುಗುತ್ತಿದೆ.
ನಡುಗುವಲ್ಲಿ ರಕ್ತ ನಿಲ್ಲುತ್ತದೆ, ನಿಂತದ್ದು ಹೆಪ್ಪಾಗುತ್ತದೆ,
ಹೆಪ್ಪು ಹೊರಟರೆ ಮಿದುಳಿಗೆ.
"ಟ್ಯಾಂಕಿಯ ತಳದ ಗಸಿ," ಅಂದ ನನ್ನ ಕಡೆ ತಿರುಗಿ,
"ಪೈಪಿಗೆ ಬಂದರೆ ಬೋಟು ನಡುಗಡಲಲ್ಲಿ ಖತಂ."
ಅಷ್ಟು ಚೆನ್ನಾಗಿ ಅರ್ಥವಾಗಿತ್ತು.

ರಕ್ತ ತೆಳುವಾಗಲು ಮಾತ್ರೆ, ದಿನಕ್ಕೆರಡು.
ಆದರೆ ನಮ್ಮದು ಕೈ ಕೊಯ್ದುಕೊಳ್ಳುವ ಕೆಲಸ.
ಗ್ಯಾಸ್ಕೆಟ್ಟಿನ ಅಂಚು ತಾಗಿದರೆ ಸಾಕು,
ಮಧ್ಯಾಹ್ನದ ಬಾಂಗಿನಿಂದ ಸಂಜೆಯ ಬಾಂಗಿನವರೆಗೆ ಒಸರು.
ಬೋಟಿನ ಯಜಮಾನ ಡೆಕ್ಕಿನ ಕಲೆ ನೋಡಿ ಏನೋ ಅಂದ.
ಅಲ್ಲಿಂದೀಚೆಗೆ ಗಾಯ ಬೇಗ ಒಣಗತೊಡಗಿತು.
ನಾನು ಕೇಳಲಿಲ್ಲ. ಖುಷಿಪಟ್ಟೆ.

ಜುಲೈ, ಹನ್ನೊಂದೂವರೆ.
ಸ್ಪ್ಯಾನರು ಅವನ ಬಲಗೈಯಿಂದ ಜಾರಿ ಬೋಟಿನ ತಳಕ್ಕೆ ಬಿತ್ತು.
ನಕ್ಕ. ಅರ್ಧ ಮುಖ ಮಾತ್ರ ನಕ್ಕಿತು.
"ಹದಿನೇಳರ ಅವಲಕ್ಕಿ ಕೊಡು" ಅಂದ.
ಕೊಲ್ಲಿಯಲ್ಲಿ ಯಾರು ಬಿದ್ದರೂ ಮೊದಲು ಬಿಸಿಲನ್ನೇ ಬೈಯುವುದು.
ನೆರಳಿಗೆ ಎಳೆದೆವು, ತಲೆಗೆ ನೀರು ಹೊಯ್ದೆವು,
ಉಪ್ಪು ಕಲಸಿದ ಲಬನ್ ಬಾಯಿಗೆ ಹಿಡಿದೆ,
ಬಲಮೂಲೆಯಿಂದ ಇಳಿದು ಹೋಯಿತು.
ಒರೆಸಿ ಮತ್ತೆ ಹಿಡಿದೆ.
ಏಸಿ ಹಾಕಿ ಮಲಗಿಸಿ ಊಟಕ್ಕೆ ಹೋದೆ.
ಮೀನು ಚೆನ್ನಾಗಿತ್ತು, ಎರಡನೇ ಸಲ ಹಾಕಿಸಿಕೊಂಡೆ.
ಇದನ್ನು ಅವನ ಹೆಂಡತಿಗೆ ಫೋನಿನಲ್ಲಿ ಹೇಳಿಲ್ಲ.

ಆಸ್ಪತ್ರೆಯಲ್ಲಿ ಕೇಳಿದ್ದು, ಎಷ್ಟು ಹೊತ್ತಿಗೆ ಶುರುವಾಯಿತು?
ಹೆಪ್ಪು ಕರಗಿಸುವ ಸೂಜಿಗೆ ನಾಲ್ಕೂವರೆ ಗಂಟೆಯ ಗಡುವಂತೆ.
ಗೋಡೆಯ ಗಡಿಯಾರದಲ್ಲಿ ಐದಾಗಿತ್ತು.

ಟೂಲ್‌ಬಾಕ್ಸಿನ ತಳದ ಅರೆಯಲ್ಲಿ, ವಾಷರುಗಳ ಜೊತೆ,
ಮಾತ್ರೆಯ ನಾಲ್ಕು ಪಟ್ಟಿ. ಒಂದೂ ಒಡೆದಿರಲಿಲ್ಲ.

ಪಾರ್ಶ್ವವಾಯು ಅನ್ನುತ್ತೇವೆ. ಪಕ್ಕದಿಂದ ಬೀಸುವ ಗಾಳಿ.
ಗಂಗೊಳ್ಳಿಯವನಿಗೆ ಪಕ್ಕದ ಗಾಳಿ ಹೊಸತೇ?
ಹಾಯಿ ತಿರುಗಿಸಲು ಕೈ ಬೇಕು, ಅಷ್ಟೆ.

ಟಿಕೇಟಿಗೆ ಇನ್ನು ಒಂಬತ್ತು ದಿನ.
ರೂಮಿನಲ್ಲಿ ಕೂರಲಾರ; ಹಗ್ಗದ ಸುರುಳಿಯ ಮೇಲೆ ಕೂರಿಸಿದ್ದೇನೆ.
ಎಂಟಕ್ಕೆ ಮಾತ್ರೆಯನ್ನು ನಾಲಿಗೆಯ ಎಡಕ್ಕಿಟ್ಟು
ನುಂಗುವವರೆಗೆ ಎದುರೇ ನಿಲ್ಲುತ್ತೇನೆ.
ಇವತ್ತೊಂದು ಹಳೆ ಬೋಟು ಬಂತು, ಹೊಗೆ ಕಪ್ಪು.
ಸ್ಕ್ರೂಡ್ರೈವರು ಅವನ ಎಡಗೈಗೆ ಕೊಟ್ಟೆ.
ಕಣ್ಣು ಮುಚ್ಚಿದ.
ಬೀಡಿ ಉರಿದು ಮುಗಿಯುವಷ್ಟು ಹೊತ್ತು, ಇನ್ನೂ ಸ್ವಲ್ಪ.
"ಮಂಗಳವಾರ" ಅಂದ.
ಅದಲ್ಲವೆಂದು ತಾನೇ ತಲೆ ಆಡಿಸಿದ. ಉಗುಳು ನುಂಗಿದ.
"ಮಂಗಳವಾರ."
ಬೆರಳು ಮಡಚಿ ಎಣಿಸಿದೆ,
ಭಾನು, ಸೋಮ,
ಸ್ಪ್ಯಾನರು ತೆಗೆದುಕೊಂಡೆ.