ಕೆಲಸವಿಲ್ಲದ ಸರಳು

ಸೊಲ್ಲಾಪುರ ರಸ್ತೆಯ ಹನ್ನೆರಡು ಮಾಳಿಗೆಗೆ
ರಾತ್ರಿಯೆಲ್ಲ ಕೂತು ಕಂಬ ಕೀಳುತ್ತೇನೆ,
ಕಂಪ್ಯೂಟರಿನಲ್ಲಿ, ಒಂದೊಂದಾಗಿ.
ಇವತ್ತು ಮೂಲೆಗೆ ಹತ್ತಿದ ಸಿ-ಏಳು.
ಲಾರಿ ಬಂದು ಹಾಯ್ದಿರಬಹುದು,
ಸಿಲಿಂಡರ್ ಸಿಡಿದಿರಬಹುದು,
ಯಾಕೆ ಹೋಯಿತೆಂಬುದು ನನ್ನ ಲೆಕ್ಕದಲ್ಲಿಲ್ಲ.
ಹೋಯಿತು. ಉಳಿದವು ಹೊರಬೇಕು.

ಈ ಊರಿನ ಹಳಬರು ತೋಪಿನ ಗುಂಡಿಗೆ
ಗೋಡೆ ದಪ್ಪ ಮಾಡಿ ಉತ್ತರ ಕೊಟ್ಟರು.
ನನಗೆ ಸಿಕ್ಕಿದ್ದು ಒಂಬತ್ತಿಂಚು,
ಮತ್ತು ಚದರಡಿಗೆ ಇಷ್ಟೇ ಎನ್ನುವ ಬಾಗೇವಾಡಿ ಸಾಹುಕಾರರು.
ದಪ್ಪ ಆಗಲಾರದವರು
ಒಬ್ಬರ ಕೈ ಒಬ್ಬರು ಹಿಡಿದಿರಬೇಕು.

ಬೆಳಿಗ್ಗೆ, ಐದನೆಯ ಸ್ಲ್ಯಾಬು.
ರಿಂಗು ನಾಲ್ಕಿಂಚಿಗೊಂದು, ಕೊಕ್ಕೆ ಒಳಮುಖ,
ಅದಕ್ಕೆ ಗೈಬೂಸಾಬನ ತಕರಾರಿಲ್ಲ.
ಬೀಮಿನ ಕೆಳಗಿನ ಸರಳಿಗೆ ಇಕ್ಕಳ ತಾಗಿಸಿ ಕೇಳಿದ:
‘ಮೇಡಂ, ಕಂಬದ ತಲೀಮ್ಯಾಲ ಇದನ್ಯಾಕ ಹಾಯಸ್ತೀರಿ?
ಇಲ್ಲಿ ಇದಕ ಕೆಲಸಾನ ಇಲ್ಲ.
ಮೂವತ್ತು ವರ್ಷ ಇಲ್ಲೇ ತುಂಡು ಮಾಡೇನಿ.’

ಖರೆ. ಕಂಬ ಇರುವತನಕ
ಎಳೆತವೆಲ್ಲ ಮೇಲಿನ ಸರಳಿಗೆ.
ಕೆಳಗಿನದು ಸುಮ್ಮನೆ ಮಲಗಿರುತ್ತದೆ,
ಬಿಲ್ಲಿನಲ್ಲಿ ಮಾತ್ರ ತೂಕ.
‘ಕಂಬ ಇಲ್ಲದ ದಿನ?’ ಅಂದೆ.
ಅವನು ಇಕ್ಕಳ ಕೆಳಗಿಟ್ಟ.

ನಮ್ಮ ಮನೆಯಲ್ಲಿ ಚಿಗವ್ವ ಇದ್ದಳು, ನೀಲವ್ವ,
ಗಂಡ ಬಿಟ್ಟವಳು. ಅಡುಗೆಮನೆಯ ಕತ್ತಲ ಬದಿಗೆ
ಹುಣಸೆ ಬೀಜ ಬಿಡಿಸುತ್ತ ಕೂತಿರುವವಳು.
ರೇಷನ್ ಕಾರ್ಡಿನಲ್ಲಿ ಅವಳ ಹೆಸರೂ ತಪ್ಪು.
ಇಂಡಿ ರಸ್ತೆಯಲ್ಲಿ ಟ್ಯಾಂಕರು ಅಪ್ಪನನ್ನು ಹೊಡೆದ ವಾರ
ಅವ್ವ ಹಾಸಿಗೆ ಬಿಟ್ಟೇಳಲಿಲ್ಲ.
ಚಿಗವ್ವ ಎದ್ದು ಒಲೆಗೆ ಹಂಚು ಇಟ್ಟಳು.
ಖಡಕ್ ರೊಟ್ಟಿ, ನೂರು, ಮುನ್ನೂರು,
ಆಮೇಲೆ ಎಣಿಸಲಿಲ್ಲ.
ನನ್ನ ಕಾಲೇಜಿನ ಫೀಯ ನೋಟುಗಳಿಗೆ
ಜೋಳದ ಹಿಟ್ಟು ಹತ್ತಿರುತ್ತಿತ್ತು.
ಬಾಗಿದ ಬೆನ್ನು ಮತ್ತೆ ನೆಟ್ಟಗಾಗಲಿಲ್ಲ.
ನಾವು ಬೀಳಲಿಲ್ಲ.

ನನ್ನ ಲೆಕ್ಕ ಕೇಳುವುದೂ ಅಷ್ಟೇ:
ಜೋಲಲಿ, ಬಿರಿಯಲಿ, ಗಿಲಾವು ಉದುರಲಿ,
ಕಟ್ಟಕಡೆಯ ಮುದುಕಿ ಮೆಟ್ಟಿಲಿಳಿಯುವತನಕ
ನೆಲ ಕೈಬಿಡದಿರಲಿ.

ಇದನ್ನೆಲ್ಲ ಗೈಬೂಸಾಬನಿಗೆ ಹೇಳಲಿಲ್ಲ.
‘ತುಂಡು ಮಾಡಬ್ಯಾಡ, ಆ ಕಡೆತನಕ ಹಾಯಿಸು’ ಅಂದೆ.
‘ಕಾಂಕ್ರೀಟ್ ಬಿದ್ದಮ್ಯಾಲ ಯಾರಿಗೂ ಕಾಣಂಗಿಲ್ರಿ.’
‘ಕಾಣೂದು ಬ್ಯಾಡ.’

ಸಂಜೆ ವೈಬ್ರೇಟರ್ ಗುಂಯ್ಗುಟ್ಟಿತು,
ಬೂದು ಕೆಸರು ಏರಿ ಸರಳು ಮುಳುಗಿತು.
ದೂರ ಉಪ್ಪಲಿ ಬುರುಜಿನ ತುದಿಗೆ
ಯಾರೋ ಹುಡುಗರು ಫೋಟೋಕ್ಕೆ ಕೈ ಎತ್ತಿದ್ದರು.

ಬಿಲ್ಲು ನೋಡಿ ಸಾಹುಕಾರರು ಕೇಳಿದರು:
ಮೂರು ಟನ್ ಜಾಸ್ತಿ ಕಬ್ಬಿಣ,
ಏನು ಉಪಯೋಗ ಆದೀತು ಇದರಿಂದ?

ದೇವರು ಒಳ್ಳೇದು ಮಾಡಿದರೆ, ಅಂದೆ,
ಏನೂ ಇಲ್ಲ.