ರಾತ್ರಿಯ ನಂಬರು

ಲಾಸ್ ವೇಗಸ್ಸಿನ ದೀಪಗಳಿಗೆ ಬೆನ್ನು ಹಾಕಿ ಇಪ್ಪತ್ತು ನಿಮಿಷ.
ಕೆಳಗೆ ಟೈರಿನಂಗಡಿ, ಉಗುರಿಗೆ ಬಣ್ಣ ಹಚ್ಚುವ ಅಂಗಡಿ,
ಅವುಗಳ ನೆತ್ತಿಯ ಮೇಲೆ
ಹನ್ನೊಂದು ಬಾಗಿಲು, ಹನ್ನೊಂದು ಫಲಕ, ಹನ್ನೊಂದು ಲೈಸೆನ್ಸು.
ಎಲ್ಲವೂ ಸಾಯುವವರನ್ನು ನೋಡಿಕೊಳ್ಳುವ ಸಂಸ್ಥೆಗಳು.

ನಾನು ಸರ್ಕಾರದವಳು, ವರ್ನಾ ಹಾಲ್‌ಗ್ರೆನ್.
ಕೊರಳಲ್ಲಿ ಗುರುತುಚೀಟಿ, ಕಂಕುಳಲ್ಲಿ ತಪಾಸಣೆಯ ಪಟ್ಟಿ.
ಮೂರನೇ ಬಾಗಿಲು ತಟ್ಟಿದೆ.
ಏಳನೆಯದರಿಂದ ಹುಡುಗನೊಬ್ಬ ಬಂದು
ಮೂರನೆಯದನ್ನು ತೆರೆದ.
ಅವನ ಬಳಿ ಎಲ್ಲಕ್ಕೂ ಒಂದೇ ಕೀಲಿ.

ಒಳಗೊಂದು ಮೇಜು. ಮೇಲೆ ಪ್ಲಾಸ್ಟಿಕ್ಕಿನ ಲಿಲ್ಲಿ,
ಬೆಲೆಚೀಟಿ ಇನ್ನೂ ಕಿತ್ತಿಲ್ಲ.
ಗೋಡೆಯ ಚೌಕಟ್ಟಿನಲ್ಲಿ ನಮ್ಮದೇ ಪರವಾನಗಿ, ನಮ್ಮದೇ ಮೊಹರು;
ಆ ಕೋಣೆಯಲ್ಲಿ ಅಸಲಿ ಅಂತ ಇದ್ದದ್ದು ಅದೊಂದೇ.
ನರ್ಸ್ ಎಲ್ಲಿ? ಊಟಕ್ಕೆ ಹೋಗಿದ್ದಾರೆ.
ಡಾಕ್ಟರು? ಅವರೂ ಊಟಕ್ಕೆ.
ಗಡಿಯಾರ ನೋಡಿಕೊಂಡೆ. ಬೆಳಗಿನ ಒಂಬತ್ತೂಕಾಲು.

ಫೈಲು ಮಾತ್ರ ಬಲು ಅಚ್ಚುಕಟ್ಟು:
ಆಸೆಲ್ ಪ್ರುಯಿಟ್, ಎಪ್ಪತ್ತಮೂರು ವರ್ಷ,
ಉಳಿದ ಆಯಸ್ಸು ಆರು ತಿಂಗಳು ಅಥವಾ ಕಡಿಮೆ. ಸಹಿ.
ಹಿಂದಿನ ಪುಟದಲ್ಲೂ ಆರು ತಿಂಗಳು, ಅದರ ಹಿಂದೆಯೂ ಆರೇ,
ಅದೇ ಶಾಯಿ, ಅದೇ ಕೈ, ಎರಡು ವರ್ಷದಿಂದ.
ದಿನದಿನಕ್ಕೂ ಬಿಲ್ಲು.

ವಿಳಾಸ ಹಿಡಿದು ಹೋದರೆ ಆಸೆಲ್
ಗ್ಯಾರೇಜಿನ ನೆರಳಲ್ಲಿ ಮಂಡಿಯೂರಿ
ಹುಲ್ಲು ಕತ್ತರಿಸುವ ಯಂತ್ರದ ಹೊಟ್ಟೆ ಬಿಚ್ಚುತ್ತಿದ್ದ.
“ಸಾಯ್ತಾ ಇದ್ದೀನಾ? ನನಗ್ಯಾರೂ ಹೇಳಲೇ ಇಲ್ವಲ್ಲ!”
ಗ್ರೀಸು ಒರೆಸಿಕೊಂಡು ನಕ್ಕ. ಆಮೇಲೆ ನಗು ನಿಲ್ಲಿಸಿದ.
“ಅದಕ್ಕೇನಾ, ಕಣ್ಣಿನ ಪೊರೆ ತೆಗೆಸೋಕೆ ಹೋದ್ರೆ
ನಿಮ್ಮ ವಿಮೆ ಇನ್ನು ನಡೆಯಲ್ಲ ಅಂದದ್ದು?”
ನೆನಪಾಯಿತು ಅವನಿಗೆ: ದಿನಸಿ ಅಂಗಡಿಯ ಬಾಗಿಲಲ್ಲಿ
ಒಬ್ಬಳು ಹುಡುಗಿ, ಪುಕ್ಕಟೆ ಊರುಗೋಲು,
ಕಾರ್ಡಿನ ನಂಬರು ಕೊಡಿ ಅಂದಳು.
ಊರುಗೋಲು ಮೂಲೆಯಲ್ಲೇ ಇತ್ತು.
ಅದರಿಂದ ಅವನು ಜೇಡರಬಲೆ ತೆಗೆಯುತ್ತಾನಂತೆ.

ಮರುದಿನ ಟೊನೊಪಾ, ಇನ್ನೂರು ಮೈಲಿ ಬರೀ ಮರಳು, ಉಪ್ಪು.
ಆರು ಹಾಸಿಗೆಯ ಮನೆ.
ಲುಸಿಂಡಾ ಮಗ್‌ಬನುವಾ ಎಂಬ ನರ್ಸು
ಬೆಳ್ಳಿ ಗಣಿಯಲ್ಲಿ ಬೈರಿಗೆ ಹಿಡಿದಿದ್ದ ಮುದುಕನ
ಹಿಮ್ಮಡಿಗೆ ಎಣ್ಣೆ ತಿಕ್ಕುತ್ತಿದ್ದಳು.
ನಾನು ಫ್ರಿಜ್ಜಿನ ತಾಪಮಾನದ ಪುಸ್ತಕ ತೆರೆದೆ.
ಫೆಬ್ರವರಿಯ ಮೂರು ದಿನ ಖಾಲಿ.
ಆ ಮೂರು ದಿನ ಹಿಮ ಬಿದ್ದು ರಸ್ತೆ ಮುಚ್ಚಿತ್ತು,
ಪಾಳಿಗೆ ಬೇರೆ ಯಾರೂ ಬರಲಾಗಲಿಲ್ಲ,
ಇಬ್ಬರು ತೀರಿಕೊಂಡರು, ಅವಳು ಮಲಗಲಿಲ್ಲ.
ಇದನ್ನು ಹೇಳಿದ್ದು ಅಡುಗೆಯವಳು.
ಲುಸಿಂಡಾ ಹೇಳಿದ್ದು ಇಷ್ಟೇ: “ಹೌದು, ಬರೆದಿಲ್ಲ.”
ನಾನು ಲೋಪ ಅಂತ ಬರೆದೆ. ಬರೆಯಲೇಬೇಕು.
ಇವತ್ತು ಇವಳನ್ನು ಬಿಟ್ಟರೆ ನಾಳೆ ಆ ಹುಡುಗನೂ
ಹಿಮ ಬಿತ್ತು ಅನ್ನುತ್ತಾನೆ, ಮರುಭೂಮಿಯಲ್ಲಿ.
ಹಿಮ್ಮಡಿಗೆ ಎಣ್ಣೆ ತಿಕ್ಕುವುದಕ್ಕೊಂದು ಕಾಲಂ ಹುಡುಕಿದೆ.
ಇಡೀ ಪಟ್ಟಿ ಮಗುಚಿದೆ.

ಕೊನೆಯ ಪರೀಕ್ಷೆ ಮೋಟೆಲಿನಿಂದ, ರಾತ್ರಿ ಮೂರು ಗಂಟೆಗೆ:
ಹಗಲಿರುಳೂ ಎತ್ತಬೇಕಾದ ನಂಬರಿಗೆ ಫೋನು.
ಹನ್ನೊಂದರಲ್ಲಿ ಹತ್ತು ಒಂದೇ ದನಿ:
ಸಂದೇಶಪೆಟ್ಟಿಗೆ ತುಂಬಿದೆ.
ಹನ್ನೊಂದನೆಯದು ಟೈರಿನಂಗಡಿ, ಮುಚ್ಚಿದೆ.
(ರೆನೋದಲ್ಲಿ ನನ್ನ ಅಕ್ಕ ಮಲಗಿದ್ದಾಗಲೂ ಈ ನಿಯಮವಿತ್ತು.
ಬೆಳಗಿನ ತನಕ ರಿಂಗಾಗಿತ್ತು.)

ಆಮೇಲೆ ಟೊನೊಪಾ. ಎರಡನೇ ರಿಂಗಿಗೆ ಎತ್ತಿದಳು.
“ಹೇಳಿ, ಇಲ್ಲಿದ್ದೀನಿ. ನೋವು ಎಲ್ಲಿ?”

ನಿಯಮದ ಪ್ರಕಾರ ತಕ್ಷಣ ಹೆಸರು, ಹುದ್ದೆ ಹೇಳಬೇಕು.
ಬಾಯಿ ತೆರೆದೆ.
“ಆತುರವಿಲ್ಲ,” ಅಂದಳು. “ನಾನು ಫೋನ್ ಇಡೋದಿಲ್ಲ.”
ಆ ಕಡೆ ಯಾರೋ ಕೆಮ್ಮಿದರು, ಕುರ್ಚಿ ಸರಿದ ಸದ್ದು.
ಅವಳು ಇಡಲಿಲ್ಲ.

ಪಟ್ಟಿಯಲ್ಲಿ ಬರೆದಿದ್ದೇನೆ:
ಕರೆ ಸ್ವೀಕೃತ. ಎರಡು ನಿಮಿಷ ನಲವತ್ತು ಸೆಕೆಂಡು.